ದಿಕ್ಕು ತಿಳಿಯದ ಡಾಕ್ಟರ್ ಬಾಯಿ

ಹುಕ್ಕೇರಿಯಲ್ಲಿ ಹುಟ್ಟಿ ಬೆಳೆದು, ನೌಕರಿಯ ಬಹುಪಾಲು ಗೋಕಾಕದಲ್ಲೇ ಕಳೆದು, ಅದೇ ಗೋಕಾಕದ ಬಸ್ ಸ್ಟ್ಯಾಂಡಿನಿಂದ ತಮ್ಮ ಮನೆಗೆ ಹೋಗಲು ದಾರಿ ಕೇಳುತ್ತಿದ್ದ ಹೆಂಗಸೊಬ್ಬರನ್ನು ನಾನು ಬಲ್ಲೆ. ಇದನ್ನು ಹೇಳಿದರೆ ಹೊಸಬರು ನಗುತ್ತಾರೆ. ನಾವೂ ನಗುತ್ತಿದ್ದೆವು, ಅವರೂ ನಮ್ಮ ಜೊತೆ ನಗುತ್ತಿದ್ದರು. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡಾಗ ಕೌಜಲಗಿ, ಕೊಣ್ಣೂರ, ಅರಭಾವಿ ಕಡೆಯ ತೋಟದ ಮನೆಗಳಿಂದ ಮಂದಿ ಟ್ರ್ಯಾಕ್ಟರು ಕಟ್ಟಿಕೊಂಡು ಬಂದಿದ್ದರು. ಕಬರಸ್ತಾನದ ಗೋಡೆಯ ಹೊರಗೆ ನಿಂತ ಹೆಂಗಸರಲ್ಲಿ ಒಬ್ಬಳು ತನ್ನ ಎಮ್ಮೆಯ ಹೆಸರು ಹೇಳಿಕೊಂಡು ಅಳುತ್ತಿದ್ದಳು. ಅದನ್ನು ಯಾರೂ ವಿಚಿತ್ರವೆಂದು ನೋಡಲಿಲ್ಲ.

ಅವರು ದನದ ಡಾಕ್ಟರು. ನಾನು ಅದೇ ಪಶು ಆಸ್ಪತ್ರೆಯಲ್ಲಿ ಅವರ ಕೈಕೆಳಗೆ ಕೆಲಸ ಮಾಡಿದವನು. ದನ ಹಿಡಿಯುವುದು, ಔಷಧಿ ತೆಗೆದುಕೊಡುವುದು, ಸೂಜಿ ಕುದಿಸುವುದು ನನ್ನ ಕೆಲಸವಾಗಿತ್ತು. ಹಳ್ಳಿಯವರಿಗೆ ಅವರು ಡಾಕ್ಟರ್ ಬಾಯಿ, ನನಗೆ ಮೇಡಂ. ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಹೆಸರು ಬರೆಯುವುದು ಬೇಡ, ಅವರಿಗೆ ಅದು ಸೇರುತ್ತಿರಲಿಲ್ಲ.

ಹುಕ್ಕೇರಿಯ ಪೇಟೆಯಲ್ಲಿ ಅವರ ತಂದೆಯದು ಹಗ್ಗ, ಬಾರಕೋಲು, ದನದ ಗೆಜ್ಜೆ ಮಾರುವ ಅಂಗಡಿ. ರೈತರು ಎತ್ತುಗಳನ್ನು ಅಂಗಡಿಯ ಮುಂದೆಯೇ ತಂದು ನಿಲ್ಲಿಸಿ ಕೊರಳಿಗೆ ಗೆಜ್ಜೆಪಟ್ಟಿ ಅಳೆಸುತ್ತಿದ್ದರಂತೆ. ಆ ಅಳತೆ ತೆಗೆಯುವ ಕೆಲಸ ಮಗಳದು. ಹಾಗಾಗಿ ಸಾಲಿಗೆ ಹೋಗಿ ಅಕ್ಷರ ಕಲಿಯುವ ಮೊದಲೇ ಅವರಿಗೆ ಎತ್ತಿನ ಕೊರಳಿನ ಬಿಸಿ ಗೊತ್ತಿತ್ತು. ಮನೆತನದಲ್ಲಿ ಹೆಣ್ಣುಮಕ್ಕಳು ಅಷ್ಟು ದೂರ ಓದಲು ಹೋದದ್ದಿರಲಿಲ್ಲ. ತಂದೆ ದನದ ಡಾಕ್ಟರಿಕೆ ಕಲಿಯಲು ಕಳಿಸಿದರು.

ಕೆಲಸದಲ್ಲಿ ಅವರನ್ನು ನೋಡಬೇಕಿತ್ತು. ಆಳು ಚಿಕ್ಕದು, ಕೈ ಇನ್ನೂ ಚಿಕ್ಕದು. ಕರು ಅಡ್ಡ ಸಿಕ್ಕಿಕೊಂಡು ಎಲ್ಲರೂ ಕೈಬಿಟ್ಟ ಆಕಳಿನ ಹಿಂದೆ ಮಂಡಿಯೂರಿ, ಭುಜದವರೆಗೆ ಕೈ ಹಾಕಿ, ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಳಗೆ ಬೆರಳು ಏನು ಮುಟ್ಟುತ್ತಿದೆ ಎಂದು ನಮಗೆಲ್ಲ ಮೆಲ್ಲಗೆ ಹೇಳುತ್ತಿದ್ದರು. ಇದು ಮೊಣಕಾಲು, ಇದು ಕಿವಿ, ಈಗ ಮುಖ ತಿರುಗಿಸುತ್ತಿದ್ದೇನೆ. ಎಮ್ಮೆಯ ಬಾಯಿಯ ಹತ್ತಿರ ಮೂಗು ಒಯ್ದು, ಉಸಿರಿನ ವಾಸನೆ ಹಿಡಿದು, ಇದಕ್ಕೆ ಮೇವು ಮೈಗೆ ಹತ್ತುತ್ತಿಲ್ಲ ಎಂದು ಹೇಳಿಬಿಡುತ್ತಿದ್ದರು. ಕತ್ತಲೆಯ ಗರ್ಭಚೀಲದೊಳಗೆ ಎಡ ಬಲ ತಪ್ಪದ ಅದೇ ಮನುಷ್ಯರಿಗೆ ಕೈ ತೊಳೆದುಕೊಂಡು ಹೊರಗೆ ಬಂದರೆ ಜೀಪು ಯಾವ ಕಡೆ ನಿಲ್ಲಿಸಿದ್ದೇವೆ ಎಂಬುದು ಮರೆತುಹೋಗಿರುತ್ತಿತ್ತು. ಆಸ್ಪತ್ರೆಯಲ್ಲೇ ಔಷಧಿ ಕೋಣೆಗೆಂದು ಹೊರಟು ಸಾಮಾನಿನ ಕೋಣೆಯ ಬಾಗಿಲು ತೆಗೆಯುತ್ತಿದ್ದರು.

ಒಮ್ಮೆ ಜೀಪಿನ ಚಾಲಕ ರಜೆಯಲ್ಲಿದ್ದ. ಕೌಜಲಗಿ ಹತ್ತಿರದ ತೋಟವೊಂದರಿಂದ ಎಮ್ಮೆಗೆ ಹುಷಾರಿಲ್ಲವೆಂದು ಕರೆ ಬಂತು. ನಾನು ಇನ್ನೊಂದು ಊರಿಗೆ ಲಸಿಕೆ ಹಾಕಲು ಹೋಗಿದ್ದೆ. ಮೇಡಂ ತಾವೇ ಜೀಪು ತೆಗೆದುಕೊಂಡು ಹೊರಟರು. ಹೋಗಿ ಮುಟ್ಟಿದ್ದು ಮೂಡಲಗಿ ಕಡೆಯ ಯಾವುದೋ ತೋಟದ ವಸತಿ. ದಾರಿ ಕೇಳಲು ಇಳಿದ ಅಂಗಳದಲ್ಲಿ ಆಕಳೊಂದು ಹೊಟ್ಟೆ ಉಬ್ಬಿ ಬಿದ್ದುಕೊಂಡಿತ್ತು. ಅದರ ಹೊಟ್ಟೆಗೆ ಸೂಜಿ ಚುಚ್ಚಿ ಗಾಳಿ ತೆಗೆದು, ಅದು ಎದ್ದು ನಿಂತ ಮೇಲೆ, ಆ ಮನೆಯ ಗಂಡಸನ್ನೇ ಜೀಪಿನಲ್ಲಿ ಕೂರಿಸಿಕೊಂಡು ಕೌಜಲಗಿಗೆ ಹೋದರು. ಅಲ್ಲಿಯ ಎಮ್ಮೆಯೂ ಉಳಿಯಿತು. ಮರುದಿನ ನಾವು ಚಹಾ ಕುಡಿಯುವಾಗ ಅವರೇ ಈ ಕಥೆ ಹೇಳಿ, ದಾರಿ ತಪ್ಪದೆ ಹೋಗಿದ್ದರೆ ಆ ಆಕಳು ಸಾಯುತ್ತಿತ್ತು ನೋಡು ಎಂದರು. ಅವರ ತಪ್ಪಿನ ಲೆಕ್ಕವೆಲ್ಲ ಹೀಗೆ ಯಾವುದೋ ದನದ ಪುಣ್ಯಕ್ಕೆ ಜಮೆಯಾಗುತ್ತಿತ್ತು.

ನಮ್ಮ ಕಡೆಯ ತೋಟದ ಮನೆಗಳ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಊರು ಒಂದು ಕಡೆ ಇದ್ದರೂ ಅರ್ಧ ಮಂದಿ ಇರುವುದು ಹೊಲದಲ್ಲೇ, ಕಬ್ಬಿನ ನಡುವೆ. ಅಲ್ಲಿಗೆ ರಸ್ತೆಯ ಹೆಸರಿಲ್ಲ, ಮನೆಗೆ ನಂಬರಿಲ್ಲ. ಕಬ್ಬು ಎದ್ದಾಗ ದಾರಿಯ ಎರಡೂ ಕಡೆ ಹಸಿರು ಗೋಡೆ, ಮೇಲೆ ಒಂದು ಪಟ್ಟಿ ಆಕಾಶ. ಕಬ್ಬು ಕಡಿದರೆ ಅದೇ ಜಾಗ ಬೇರೆ ಊರಿನಂತೆ ಬಟಾಬಯಲು. ನಮ್ಮಂಥವರಿಗೇ ಒಮ್ಮೊಮ್ಮೆ ಗಲಿಬಿಲಿ. ಮೇಡಂಗೆ ಅದು ಪ್ರತಿ ಸುಗ್ಗಿಗೆ ಹೊಸ ದೇಶ.

ನಿವೃತ್ತರಾದ ಮೇಲೆ ಅವರು ಮನೆಯಲ್ಲಿ ಕೂರುತ್ತಾರೆಂದು ನಾವು ತಿಳಿದಿದ್ದೆವು. ಅವರು ಹಳೆಯದೊಂದು ಸಣ್ಣ ಕಾರು ಕೊಂಡರು. ಕರೆ ಬಂದ ಕಡೆ ಹೋಗುವುದೇ ಎಂದರು. ಅಷ್ಟೊತ್ತಿಗೆ ನನಗೂ ನಿವೃತ್ತಿಯಾಗಿತ್ತು. ಚಾಲಕನಿಲ್ಲ, ಜೀಪಿಲ್ಲ, ಹೇಗೆ ಹೋಗುತ್ತೀರಿ ಎಂದು ಕೇಳಿದಾಗ, ದಾರಿ ಹೇಳುವ ಯಂತ್ರ ಬಂದಿದೆಯಂತೆ, ಒಂದನ್ನು ಆರಿಸಬೇಕು, ಜೊತೆಗೆ ಬಾ ಎಂದರು.

ನಾನು ಮೊಬೈಲ್ ಸಾಕಲ್ಲ ಎಂದೆ. ಅದನ್ನು ಅವರು ಆಗಲೇ ಬಳಸಿ ನೋಡಿದ್ದರು. ಕೌಜಲಗಿ ದಾಟಿದೊಡನೆ ನೆಟ್‌ವರ್ಕ್ ಹೋಗಿ ನಕಾಶೆ ಬಿಳಿ ಹಾಳೆಯಾಗುತ್ತದೆ. ಬೇಸಿಗೆಯಲ್ಲಿ ಗಾಜಿನ ಹಿಂದೆ ಇಟ್ಟರೆ ಫೋನು ಕಾದು ಬಂದ್ ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಮ್ಮೆ ಒದ್ದಾಡುತ್ತಿರುವ ಮನೆಯವರು ಎಲ್ಲಿದ್ದೀರಿ ಎಂದು ಫೋನು ಮಾಡುತ್ತಲೇ ಇರುತ್ತಾರೆ, ತಿರುವು ಬರುವ ಹೊತ್ತಿಗೇ ಕರೆ ಬಂದು ನಕಾಶೆ ಮಾಯವಾಗುತ್ತದೆ. ದಾರಿ ಹೇಳುವುದಕ್ಕೆ ಬೇರೆ ಕೆಲಸ ಇರಬಾರದು ಎಂಬುದು ಅವರ ವಾದ.

ಗೋಕಾಕದ ಮಾರ್ಕೆಟ್ಟಿನಲ್ಲಿ ಕಾರಿನ ಸೀಟ್ ಕವರು, ಹಾರ್ನು, ಸ್ಪೀಕರು ಮಾರುವ ಅಂಗಡಿಯೊಂದಿತ್ತು. ಮಾಲಕನ ಬೀಗರ ಎತ್ತಿಗೆ ಮೇಡಂ ಒಮ್ಮೆ ಕೋಡಿನ ಆಪರೇಷನ್ ಮಾಡಿದ್ದರು. ಅವನು ಆ ನೆನಪಿನ ಮೇಲೆ ಮೂರು ಜಿಪಿಎಸ್ ಯಂತ್ರಗಳನ್ನು ಕೊಟ್ಟು, ಒಯ್ದು ಓಡಿಸಿ ನೋಡಿ ಎಂದ. ಒಂದು ದೊಡ್ಡದು, ಸಿನಿಮಾ ಕೂಡ ತೋರಿಸುವಂಥದ್ದು. ಎರಡನೆಯದು ಹೊಳಪಿನದು, ಏರು ದನಿಯದು. ಮೂರನೆಯದು ಅಂಗೈಯಗಲದ ಹಳೆಯ ಮಾಡೆಲ್ಲು, ಎಲ್ಲಕ್ಕಿಂತ ಅಗ್ಗ, ಅಂಗಡಿಯಲ್ಲೇ ಧೂಳು ಕುಡಿದಿತ್ತು.

ಅವುಗಳನ್ನು ಅವರು ಪರೀಕ್ಷೆ ಮಾಡಿದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಖರೀದಿ ಮಾಡುವವರು ಅಂಗಡಿಯ ಬಾಗಿಲಲ್ಲಿ ನೋಡುತ್ತಾರೆ. ಇವರು ಕೊಣ್ಣೂರ ದಾಟಿ, ಕಬ್ಬು ತೀರಾ ಎತ್ತರಕ್ಕೆ ಬೆಳೆದ ಸಂದಿಯಲ್ಲಿ ಕಾರು ನಿಲ್ಲಿಸಿ, ಮೂರನ್ನೂ ಒಟ್ಟಿಗೆ ಚಾಲೂ ಮಾಡಿ, ಥರ್ಮಾಸಿನಿಂದ ಚಹಾ ಬಗ್ಗಿಸಿಕೊಂಡರು. ಚಹಾ ಮುಗಿಯುವುದರೊಳಗೆ ನಾವು ಎಲ್ಲಿದ್ದೇವೆಂದು ಹೇಳಬೇಕು. ಸಣ್ಣದು ಬೇಗ ಹೇಳಿತು. ಹೊಳಪಿನದು ಸ್ವಲ್ಪ ತಡ ಮಾಡಿತು. ದೊಡ್ಡದು ಲೋಟ ತೊಳೆದಿಟ್ಟ ಮೇಲೂ ಹುಡುಕುತ್ತಿತ್ತು. ಆಮೇಲೆ ಗೋಕಾಕ ಫಾಲ್ಸಿನ ದಾರಿಯ ಗುಡ್ಡದ ಮಗ್ಗುಲಲ್ಲಿ ಒಂದು ಸಲ, ಮೂಡಲಗಿ ಕಡೆಯ ಬಿಸಿಲಲ್ಲಿ ಒಂದು ಸಲ. ಬಿಸಿಲಲ್ಲಿ ದೊಡ್ಡದರ ಪರದೆ ಕನ್ನಡಿಯಾಗಿ ಮೇಡಂರ ಮುಖವನ್ನೇ ತೋರಿಸಿತು. ಅವರು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಅದನ್ನು ಡಬ್ಬಿಗೆ ಹಾಕಿದರು.

ಕಾಯುತ್ತ ಕೂತಾಗ ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ನನಗೆ ವಿವರಿಸಿದರು. ಮೇಲಿನ ಉಪಗ್ರಹಗಳು ನಮ್ಮನ್ನು ನೋಡುತ್ತವೆಂದು ನಾನು ತಿಳಿದಿದ್ದೆ.

“ಅವು ನಮ್ಮನ್ನ ನೋಡೂದಿಲ್ಲ ತಮ್ಮಾ. ನಾ ಇಲ್ಲಿ ಅದೀನಿ, ಈಗ ಇಷ್ಟ ಹೊತ್ತಾಗೇತಿ ಅಂತ ಹೇಳಕೋತ ಹೋಗತಾವು, ಅಷ್ಟ. ಇದು ಕೆಳಗ ಕುಂತ ಕೇಳತೈತಿ. ನಾಕು ಕಡೆಯಿಂದ ಕೇಳಿಸ್ಕೊಂಡ್ರ ತಾ ಎಲ್ಲಿ ಅದೀನಿ ಅನ್ನೂದು ಇದಕ್ಕ ತಿಳಿತೈತಿ.”

ಹೇಳುತ್ತ ಅವರು ಕಾರಿನ ಕಿಟಕಿಯಿಂದ ಕಬ್ಬಿನ ಮೇಲಿನ ಆ ಪಟ್ಟಿ ಆಕಾಶವನ್ನು ನೋಡಿದರು. ಅಷ್ಟು ವರ್ಷ ದನಗಳ ಒಡಲೊಳಗಿನ ಅದ್ಭುತ ನೋಡಿದವರಿಗೆ ಇದೊಂದು ಹೊಸ ಅದ್ಭುತ. ನನಗೆ ಅವರ ಮುಖವೇ ಅದ್ಭುತವಾಗಿತ್ತು. ಅರವತ್ತು ದಾಟಿದವರು ಹಾಗೆ ಬೆರಗಾಗುವುದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಅಂಗಡಿಗೆ ಮರಳಿ ಸಣ್ಣದನ್ನೇ ಆರಿಸಿದಾಗ ಮಾಲಕನಿಗೆ ಬೇಜಾರಾಯಿತು. ಹಳೆಯ ಮಾಡೆಲ್ಲು, ಯಾರೂ ತೆಗೆದುಕೊಳ್ಳುತ್ತಿಲ್ಲ ಎಂದ. ಮೇಡಂ ತಮಗೆ ಬೇಕಾದದ್ದನ್ನು ಹೇಳಿದರು. ನಕಾಶೆ ಯಂತ್ರದೊಳಗೇ ಇರಬೇಕು. ವರ್ಷವರ್ಷ ಅದಕ್ಕೆ ಬೇರೆ ದುಡ್ಡು ಕೇಳಬಾರದು. ತಾವು ಮುಟ್ಟಿದ ಜಾಗವನ್ನು ಹೆಸರು ಹಾಕಿ ಉಳಿಸಿಕೊಳ್ಳಲು ಬರಬೇಕು, ಎಷ್ಟು ಬೇಕಾದರೂ. ಓಡಾಡಿದ ದಾರಿ ಗೆರೆಯಾಗಿ ಉಳಿಯಬೇಕು. ಮತ್ತು ಬ್ಯಾಟರಿ ಗಟ್ಟಿ ಇರಬೇಕು. ಕೊನೆಯದಕ್ಕೆ ಮಾಲಕ ನಕ್ಕ. ಕಾರಿನ ಯಂತ್ರಕ್ಕೆ ಕಾರೇ ಕರೆಂಟು ಕೊಡುತ್ತದೆ, ಬ್ಯಾಟರಿ ಯಾರು ನೋಡುತ್ತಾರೆ ಎಂದ.

“ಗಾಡಿ ನಿಂತ ಮ್ಯಾಲನ ನಾ ಖರೆ ದಾರಿ ತಪ್ಪೂದು,” ಎಂದರು ಮೇಡಂ. “ಅಲ್ಲಿಂದ ಒಡ್ಡಿನ ಮ್ಯಾಲ ನಡಕೋತ ಹೋಗಬೇಕಲ್ಲ. ಕಿತ್ತಿ ಕೈಯಾಗ ಹಿಡಕೊಂಡ ಹೋಗಾಕ ಬರಬೇಕು.”

ಆ ದಿನದಿಂದ ಅವರು ಹೋದ ಪ್ರತಿಯೊಂದು ತೋಟದ ಮನೆಯೂ ಆ ಯಂತ್ರದಲ್ಲಿ ಒಂದು ಚುಕ್ಕೆಯಾಯಿತು. ಕನ್ನಡ ಅಕ್ಷರ ಅದರಲ್ಲಿ ಇರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದರು. ಮನೆಯವರ ಹೆಸರಲ್ಲ, ದನದ ಗುರುತು. ಅವಳಿ ಕರ, ಕುಂಟ ಎತ್ತ, ಹಾಯೂ ಎಮ್ಮಿ. ಅಂಗಳದಲ್ಲಿ ನಿಂತು ಗುಂಡಿ ಒತ್ತಿ, ಅದು ಕುಂಯ್ ಎಂದ ಮೇಲೆಯೇ ದನದ ಹತ್ತಿರ ಹೋಗುತ್ತಿದ್ದರು. ಅದರೊಳಗಿನ ಹೆಣ್ಣು ದನಿ ನಮ್ಮ ಊರುಗಳ ಹೆಸರನ್ನು ಹಲ್ಲಿಗೆ ಸಿಕ್ಕ ಹುಣಸೆಬೀಜದಂತೆ ಉಚ್ಚರಿಸುತ್ತಿತ್ತು. ಮೇಡಂ ಪ್ರತಿ ಸಲ ಅದನ್ನು ಸಮಾಧಾನದಿಂದ ತಿದ್ದುತ್ತಿದ್ದರು, ಕೇಳಿಸಿಕೊಳ್ಳುತ್ತದೋ ಎಂಬಂತೆ. ಹೀಗೆ ನಾಲ್ಕೈದು ವರ್ಷ ನಡೆಯಿತು.

ಆಮೇಲೆ ಆ ಮಳೆಗಾಲ ಬಂತು. ಮೇಲೆ ಘಟ್ಟದಲ್ಲಿ ಮಳೆ ಬಿಡಲಿಲ್ಲ, ಅಣೆಕಟ್ಟೆಯಿಂದ ನೀರು ಬಿಟ್ಟರು, ಘಟಪ್ರಭೆ ದಂಡೆ ಬಿಟ್ಟು ಹೊಲಕ್ಕೆ ನುಗ್ಗಿತು. ಕರೆಂಟು ಹೋಯಿತು, ಮೊಬೈಲು ಟವರುಗಳು ಸತ್ತವು. ಕೊಣ್ಣೂರ ಕಡೆ ಎತ್ತರದಲ್ಲಿದ್ದ ಸಾಲಿಯೊಂದರ ಕೋಣೆಗಳಲ್ಲಿ ಮಂದಿಯೂ ದನಗಳೂ ಒಟ್ಟಿಗೆ ತುಂಬಿಕೊಂಡಿದ್ದರು. ಮೇಡಂ ಅಲ್ಲಿ ದನ ನೋಡುತ್ತಿದ್ದರು, ನಾನು ಜೊತೆಗಿದ್ದೆ.

ಮಧ್ಯಾಹ್ನದ ಹೊತ್ತಿಗೆ ರಕ್ಷಣಾ ತಂಡದ ದೋಣಿ ಯಾರನ್ನೂ ಕರೆತರದೆ ಮರಳಿತು. ಅದರಿಂದ ಇಳಿದ ರೈತನೊಬ್ಬ ಸಾಲಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಬೆಳಿಗ್ಗೆ ಆತ ಬೀಜದ ಚೀಲಗಳನ್ನು ಟ್ರ್ಯಾಕ್ಟರಿನಲ್ಲಿ ಎತ್ತರದ ಜಾಗಕ್ಕೆ ಸಾಗಿಸಲು ಬಂದಾಗ ಹಿಂದಿನಿಂದ ನೀರು ಏರಿಬಿಟ್ಟಿತ್ತು. ಹೆಂಡತಿ, ಹಾಲು ಕುಡಿಯುವ ಕೂಸು, ಅವನ ತಾಯಿ ತೋಟದ ಮನೆಯಲ್ಲೇ ಉಳಿದಿದ್ದರು. ದೋಣಿಯಲ್ಲಿ ದಾರಿ ತೋರಿಸಲು ಅವನೇ ಹೋಗಿದ್ದ.

“ನನ್ನ ಮನಿ ನನಗ ಸಿಗವಲ್ದ್ರಿ,” ಎಂದ. ಅಷ್ಟೇ ಹೇಳಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಅದು ಅವನ ತಪ್ಪಲ್ಲ. ಕಬ್ಬಿನ ತುದಿಗಳು ಮಾತ್ರ ನೀರಿನ ಮೇಲೆ ನಿಂತಿದ್ದವು. ದೋಣಿಯಲ್ಲಿ ಕೂತವನ ಕಣ್ಣಿಗೆ ಎಲ್ಲ ಕಡೆ ಅದೇ ಸೋಗೆ, ಅದೇ ಕೆಂಪು ನೀರು. ಕಬ್ಬಿನೊಳಗೆ ದೋಣಿ ನುಗ್ಗಿಸಿದರೆ ಮೋಟಾರಿಗೆ ಸಿಕ್ಕಿಕೊಳ್ಳುತ್ತದೆ. ಮೊದಲು ದಾರಿಯಿದ್ದ ಸಂದಿಯಲ್ಲೇ ಹೋಗಬೇಕು, ಆದರೆ ಯಾವ ಸಂದಿ ಯಾವುದೆಂದು ಹೇಳುವ ಗುರುತುಗಳೆಲ್ಲ ನೀರಿನಡಿ ಇದ್ದವು. ಮಳೆ ಬೇರೆ ಪರದೆಯಂತೆ ಸುರಿಯುತ್ತಿತ್ತು. ತಂಡದ ಮುಖ್ಯಸ್ಥರು ಬೆಂಗಳೂರು ಕಡೆಯವರು, ಅವರ ಫೋನಿನಲ್ಲಿ ನಕಾಶೆ ಬರುತ್ತಿರಲಿಲ್ಲ.

ಮೇಡಂ ರೈತನ ಹತ್ತಿರ ಕೂತು ಅವನ ಮುಖ ನೋಡಿದರು. ನಿಮ್ಮ ಮನೆಯಲ್ಲಿ ಕೋಡಿನಿಂದ ಹಾಯುವ ಎಮ್ಮೆಯೊಂದು ಇತ್ತಲ್ಲ ಎಂದು ಕೇಳಿದರು. ಅವನು ತಲೆಯಾಡಿಸಿದ. ಮೇಡಂ ಎದ್ದು ಕಾರಿಗೆ ಹೋಗಿ ಯಂತ್ರವನ್ನು ಕಿತ್ತು ತಂದರು. ದನದ ಗರ್ಭ ನೋಡುವಾಗ ತೊಡುವ ಭುಜದುದ್ದದ ಪ್ಲಾಸ್ಟಿಕ್ ಗವಸಿನೊಳಗೆ ಅದನ್ನು ಇಳಿಸಿ ಬಾಯಿ ಗಂಟು ಹಾಕಿದರು. ಆಮೇಲೆ ಮುಖ್ಯಸ್ಥರಿಗೆ, ನಾನು ಬರುತ್ತೇನೆ ಎಂದರು.

ಅವರಿಗೆ ಈಜು ಬರುತ್ತಿರಲಿಲ್ಲ. ನನಗೆ ಅದು ಗೊತ್ತಿತ್ತು. ಬೇಡ ಎಂದು ಹೇಳಲು ಬಾಯಿ ತೆರೆದೆ, ಅವರು ಯಂತ್ರದ ಮೇಲೆ ಕೊಡೆ ಹಿಡಿಯಲು ನೀನೂ ಬಾ ಎಂದುಬಿಟ್ಟರು.

ನಾನು ಹುಟ್ಟಿದ್ದು ಅದೇ ಸೀಮೆಯಲ್ಲಿ. ಕಣ್ಣು ಕಟ್ಟಿ ಬಿಟ್ಟರೂ ಹೊಲ ಹಿಡಿದು ಮನೆ ಮುಟ್ಟುವವನು. ದೋಣಿ ಸ್ವಲ್ಪ ದೂರ ಹೋಗುವುದರೊಳಗೆ ನಾನು ಎಲ್ಲಿದ್ದೇನೆಂಬುದು ನನಗೆ ತಿಳಿಯದಾಯಿತು. ಹುಣಸೆಮರವೊಂದರ ತಲೆ ಕಂಡು, ಅದು ನನಗೆ ಗೊತ್ತಿರುವ ಮರ, ಎಡಕ್ಕೆ ತಿರುಗಬೇಕು ಎಂದೆ. ರೈತನೂ ಹೌದೆಂದ. ಮೇಡಂ ಗವಸಿನೊಳಗಿನ ಪರದೆಯಿಂದ ಕಣ್ಣೆತ್ತದೆ, ನೇರ ಹೋಗಿ ಎಂದರು. ಮೋಟಾರು ಹಿಡಿದಿದ್ದ ಮುಖ್ಯಸ್ಥರು ಗೊಂದಲಗೊಂಡು ದೋಣಿಯ ವೇಗ ತಗ್ಗಿಸಿದರು. ಪರದೆಯ ಮೇಲೆ ನಮ್ಮ ದಿಕ್ಕು ತೋರಿಸುವ ಬಾಣ ಹುಚ್ಚುಹುಚ್ಚಾಗಿ ಸುತ್ತತೊಡಗಿತು.

“ನಿಲ್ಲಿಸಬ್ಯಾಡ್ರಿ ಸಾಹೇಬ್ರ. ನಿಂತ್ರ ಇದಕ್ಕ ದಿಕ್ಕ ತಿಳಿಯೂದಿಲ್ಲ. ಸಾವಕಾಶರ ಹೋಗ್ರಿ, ಆದ್ರ ಹೋಗಕೋತನ ಇರ್ರಿ.”

ದನಿಯಲ್ಲಿ ಅವಸರವಿರಲಿಲ್ಲ. ಆಕಳಿನ ಒಡಲೊಳಗೆ ಕೈ ಹಾಕಿ ಮೊಣಕಾಲು, ಕಿವಿ ಎಂದು ಹೇಳುತ್ತಿದ್ದ ಅದೇ ದನಿ. ಮುಖ್ಯಸ್ಥರು ಒಂದು ಕ್ಷಣ ಅವರನ್ನು ನೋಡಿ ದೋಣಿಯನ್ನು ನೇರ ಬಿಟ್ಟರು. ಬಾಣ ನಿಂತಿತು. ಪರದೆಯ ಮೇಲೆ ಸಣ್ಣ ಗೆರೆಯೊಂದು ಕಂಡಿತು. ಹಿಂದೆಂದೋ ಬಿಸಿಲಿನ ದಿನ ಅವರ ಕಾರು ಓಡಿದ ಗೆರೆ. ಈಗ ನಾವು ಅದರ ಮೇಲೆ, ಆಳೆತ್ತರ ಮೀರಿದ ನೀರಿನ ಮೇಲೆ ಹೋಗುತ್ತಿದ್ದೆವು. ಇಲ್ಲಿ ಬಲಕ್ಕೆ, ಮುಂದೆ ಕಾಲುವೆ ಇದೆ, ದಾಟಿದ ಮೇಲೆ ಎಡಕ್ಕೆ. ಅವರು ಹೇಳುತ್ತ ಹೋದರು. ಕಬ್ಬಿನ ಸೋಗೆಗಳ ಆಚೆ ಬಿಳಿ ಗೋಡೆಯೊಂದರ ತುದಿ ಕಂಡಾಗ ರೈತ ಎದ್ದು ನಿಲ್ಲಲು ಹೋದ, ಮುಖ್ಯಸ್ಥರು ಅವನ ಅಂಗಿ ಹಿಡಿದು ಕೂರಿಸಿದರು.

ಮಾಳಿಗೆಯ ಮೇಲೆ ತಗಡಿನ ಕೆಳಗೆ ಅತ್ತೆ ಸೊಸೆ ಕೂತಿದ್ದರು. ಕೂಸು ಸೆರಗಿನೊಳಗಿತ್ತು. ಬಾಜೂಕ್ಕೆ ಒಂದು ಕರು, ಎರಡು ಆಡು. ನೀರು ಮೆಟ್ಟಿಲುಗಳನ್ನು ನುಂಗಿ ಮಾಳಿಗೆಗೆ ಇನ್ನು ಮೊಣಕೈಯಷ್ಟೇ ಉಳಿದಿತ್ತು. ಸೊಸೆ ಗಂಡನನ್ನು ನೋಡಿದಳು, ಆಮೇಲೆ ಮೇಡಂರನ್ನು ನೋಡಿದಳು. ಮೇಡಂ ದಾರಿ ತಪ್ಪುವ ಸುದ್ದಿ ಗೊತ್ತಿಲ್ಲದ ಮನೆ ಆ ಸೀಮೆಯಲ್ಲೇ ಇರಲಿಲ್ಲ.

“ಡಾಕ್ಟರ್ ಬಾಯಾರ, ನಿಮಗ ದಾರಿ ಹೆಂಗ ಸಿಕ್ತ್ರಿ?”

“ಇವತ್ತ ಎಲ್ಲಾರೂ ನನ್ನಂಗ ಆಗ್ಯಾರ ನೋಡವಾ,” ಎಂದರು ಮೇಡಂ. “ನನಗ ರೂಢಿ ಐತಿ. ಕೂಸಿನ್ನ ಕೊಡು ಮೊದಲ.”

ಹೆಂಗಸರಿಬ್ಬರೂ ಕೂಸೂ ದೋಣಿಗೆ ಬಂದರು. ಕರುವನ್ನೂ ಆಡುಗಳನ್ನೂ ಬಿಡಲು ಮೇಡಂ ಒಪ್ಪಲಿಲ್ಲ, ನಾನು ಕರುವನ್ನು ತೊಡೆಯ ಮೇಲೆ ಹಾಕಿಕೊಂಡೆ. ನೀರು ಅಂಗಳಕ್ಕೆ ಬಂದಾಗಲೇ ಸೊಸೆ ಎಮ್ಮೆಯ ಹಗ್ಗ ಬಿಚ್ಚಿದ್ದಳಂತೆ. ಎಲ್ಲಿ ಹೋಯಿತೋ ಎಂದು ದಾರಿಯುದ್ದಕ್ಕೂ ಹಲುಬಿದಳು. ನೀರು ಇಳಿದ ಮೇಲೆ ಆ ಎಮ್ಮೆ ಬೇರೊಂದು ಊರಿನ ಗುಡಿಯ ಕಟ್ಟೆಯ ಮೇಲೆ ಸಿಕ್ಕಿತು, ಹಿಡಿಯಲು ಹೋದವನಿಗೆ ಹಾಯ್ದೂ ಇತ್ತು.

ಸಂಜೆ ಬೆಳಕು ಇರುವವರೆಗೆ ದೋಣಿ ಇನ್ನೂ ಕೆಲವು ಸಲ ಹೋಗಿಬಂತು. ಪ್ರತಿ ಸಲ ಮೇಡಂ ಮುಂದೆ ಕೂತರು. ದಂಡೆಯಲ್ಲಿ ಮಂದಿ ತಮ್ಮವರ ಹೆಸರು ಹೇಳಿದರೆ ಅವರು, ನಿಮ್ಮಲ್ಲಿ ಯಾವ ದನ ಇತ್ತು ಎಂದು ಕೇಳುತ್ತಿದ್ದರು. ಅವಳಿ ಕರುವಿನ ಮನೆಯಿಂದ ಒಬ್ಬ ಮುದುಕ, ಕುಂಟ ಎತ್ತಿನ ಮನೆಯಿಂದ ಮಕ್ಕಳು. ಬ್ಯಾಟರಿಯ ಕೊನೆಯ ಗೆರೆ ಮಿಣುಕುವಾಗ ಕೊನೆಯ ದೋಣಿ ದಂಡೆಗೆ ಬಂತು. ಮುಖ್ಯಸ್ಥರು ಯಂತ್ರವನ್ನು ಗವಸಿನಿಂದ ತಾವೇ ಬಿಡಿಸಿ, ತಮ್ಮ ಒಣ ಟವೆಲಿನಿಂದ ಒರೆಸಿ, ಎರಡೂ ಕೈಯಿಂದ ಮೇಡಂಗೆ ಕೊಟ್ಟರು.

ಸಾಲಿಯ ಕಟ್ಟೆಯ ಮೇಲೆ ಕೂತಾಗ ಯಾರೋ ಚಹಾ ತಂದುಕೊಟ್ಟರು. ಮೇಡಂ ಕುಡಿಯದೆ ಲೋಟವನ್ನು ಎರಡೂ ಅಂಗೈಗಳಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು. ಚಳಿಯೇ ಎಂದು ಕೇಳಿದೆ.

“ಚಳಿ ಅಲ್ಲ ತಮ್ಮಾ, ಅಂಜಿಕಿ.” ಲೋಟವನ್ನು ಕೆಳಗಿಟ್ಟರು. “ನೀರಿಂದ ಅಷ್ಟ ಅಲ್ಲ. ನನಗ ದಿನಾ ಅಂಜಿಕಿ ಬರತೈತಿ. ಮನಿ ಬಾಗಲಾ ದಾಟಿದ್ರ ಸಾಕು, ತಿರುಗಿ ಬರಾಕ ಆಗತೈತೋ ಇಲ್ಲೋ ಅನಸತೈತಿ. ಸಣ್ಣಾಕಿ ಇದ್ದಾಗಿಂದ ಹಂಗ. ಹುಕ್ಕೇರಿ ಪೇಟಿಯೊಳಗ ನಮ್ಮ ಅಂಗಡಿ ಹುಡುಕಿ ಅತ್ತಾಕಿ ನಾ.”

ಮತ್ತೆ ಯಾಕೆ ಹೋಗುತ್ತೀರಿ ಎಂದು ಕೇಳಿದೆ. ಆ ಪ್ರಶ್ನೆ ಅವರಿಗೆ ಅರ್ಥವಾಗದಂತೆ ನನ್ನನ್ನು ನೋಡಿದರು.

“ದನಾ ಕಾಯತಿರತಾವಲ್ಲೋ,” ಎಂದರು.

ನಾವು ಅವರ ಜೊತೆ ನಕ್ಕ ವರ್ಷಗಳೆಲ್ಲ ನನ್ನ ಮುಂದೆ ಬಂದು ನಿಂತವು. ದಾರಿ ತಪ್ಪಿದ ಪ್ರತಿ ಕಥೆಯನ್ನು ಅವರೇ ಮೊದಲು ಹೇಳಿ ನಮ್ಮನ್ನು ನಗಿಸುತ್ತಿದ್ದರು. ಅದರ ಹಿಂದೆ ಒಬ್ಬ ಹೆಣ್ಣುಮಗಳು ದಿನವೂ ಪೇಟೆಯ ನಡುವೆ ಒಂಟಿಯಾಗಿ ನಿಂತಿರುತ್ತಿದ್ದಳು ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಧೈರ್ಯವಂತರನ್ನು ನಾನು ಬಹಳ ಕಂಡಿದ್ದೇನೆ. ಅವರಿಗೆ ಅಂಜಿಕೆ ಅಪರೂಪಕ್ಕೆ ಬರುವ ಬೀಗರಿದ್ದಂತೆ. ಇವರು ಅದರ ಜೊತೆಯೇ ಸಂಸಾರ ಮಾಡಿದವರು.

ಮರುದಿನ ಬೆಳಿಗ್ಗೆ ನೀರು ಇಳಿಯತೊಡಗಿತ್ತು. ನೆನೆದ ದನಗಳಿಗೆ ಗಂಟಲುಬೇನೆ ಬರುವ ಮೊದಲೇ ಲಸಿಕೆ ಹಾಕಬೇಕು ಎಂದು ಮೇಡಂ ನನ್ನ ಮನೆಯ ಮುಂದೆ ಕಾರು ತಂದು ನಿಲ್ಲಿಸಿದ್ದರು. ನಾನು ಔಷಧಿಯ ಪೆಟ್ಟಿಗೆ ಹಿಂದೆ ಇಟ್ಟು ಪಕ್ಕದ ಸೀಟಿನಲ್ಲಿ ಕೂತೆ. ಕೀಲಿ ತಿರುಗಿಸುವ ಮೊದಲು ಅವರು ಎರಡೂ ಕೈಗಳನ್ನು ಸ್ಟೇರಿಂಗಿನ ಮೇಲೆ ಇಟ್ಟು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಇದನ್ನು ನಾನು ಎಷ್ಟೋ ಸಲ ನೋಡಿದ್ದೆ. ದೇವರನ್ನು ನೆನೆಯುತ್ತಾರೆ ಎಂದುಕೊಂಡಿದ್ದೆ. ಅವತ್ತು ನಾನು ಉಸಿರು ಕೂಡ ಮೆಲ್ಲಗೆ ಬಿಟ್ಟೆ. ಆಮೇಲೆ ಅವರು ಕಣ್ಣು ತೆರೆದು, ಗಾಡಿ ಚಾಲೂ ಮಾಡಿ, ಕೆಸರು ತುಂಬಿದ ರಸ್ತೆಗೆ ಇಳಿಸಿದರು.